ದಾಸ್ತಾನು ವಹಿ, ಪುಟ ನಲವತ್ತೊಂದು

ಕಾಫಿ ಕೊಯ್ಲಿನ ನಡುವೆ ಹರಾಜಿಟ್ಟರೆ ಯಾರು ಬರುತ್ತಾರೆ
ಅಂದೆ. ಪ್ರಿನ್ಸಿಪಾಲರು ಕೇಳಲಿಲ್ಲ.
ಮಾರ್ಚ್ ಮುಗಿಯುವುದರೊಳಗೆ ಹಣ ಖಜಾನೆಗೆ ಸೇರಬೇಕು.
ವಿರಾಜಪೇಟೆಯ ಗಡಿಯಾರ ಕಂಬಕ್ಕೆ, ತಾಲ್ಲೂಕು ಕಚೇರಿಯ ಗೋಡೆಗೆ,
ನಮ್ಮದೇ ನೋಟೀಸ್ ಬೋರ್ಡಿಗೆ ಅಂಟಿಸಿದ್ದಾಯಿತು:
ನಿರುಪಯುಕ್ತ ವಸ್ತುಗಳ ಬಹಿರಂಗ ಹರಾಜು.
ಠೇವಣಿ ಐನೂರು. ಇದ್ದಲ್ಲಿ, ಇದ್ದ ಹಾಗೆ.

ಬಂದವರು ಏಳು ಮಂದಿ.
ಅದರಲ್ಲಿ ಇಬ್ಬರು ಚಹಾಕ್ಕೆ.

ಮುರಿದ ಡೆಸ್ಕು ನಲವತ್ತಾರು
ಸೌದೆಯ ಲೆಕ್ಕದಲ್ಲಿ ಹೋದವು,
ಕಂಪಾಸಿನ ಮುಳ್ಳಲ್ಲಿ ಕೊರೆದ ಹೆಸರುಗಳ ಸಮೇತ.
ಒಂದರಲ್ಲಿ ನನ್ನ ಹೆಸರಿತ್ತು. ಕೊರೆದದ್ದು ನಾನಲ್ಲ.
ರಸಾಯನಶಾಸ್ತ್ರದ ಹೊಗೆ ಕಪಾಟನ್ನು
ಅಮ್ಮತ್ತಿಯ ಪೊನ್ನವ್ವ ಕೋಳಿಗೂಡಿಗೆಂದು ಕೂಗಿದರು, ಮುನ್ನೂರು.
ಗಾಜಿನ ಪೆಟ್ಟಿಗೆಯ ತಕ್ಕಡಿ, ಉಸಿರು ತಾಗಿದರೆ ಅಲುಗುವಂಥದು,
ಅದನ್ನು ಮಾಕುಟ್ಟ ಘಾಟಿ ಹತ್ತಿ ಬಂದ ಗುಜರಿ ಕುಂಞಾಮು
ತನ್ನ ದಪ್ಪ ತಕ್ಕಡಿಯಲ್ಲಿಟ್ಟು ತೂಗಿದ:
ಹಿತ್ತಾಳೆ ಎರಡೂವರೆ ಕಿಲೋ. ಗಾಜು ಬೇಡ.

ಕ್ರಮ ಸಂಖ್ಯೆ ಹದಿನೇಳು.
ಅಸ್ಥಿಪಂಜರ, ಮಾನವ, ಅಸಲಿ. ಒಂದು.
ಖರೀದಿ ೧೯೭೧. ಬೆಲೆ ಮುನ್ನೂರ ನಲವತ್ತು.
ವರ್ಷಕ್ಕೆ ಶೇಕಡಾ ಹತ್ತರಂತೆ ಸವೆದು ಸವೆದು
ಈಗ ಪುಸ್ತಕದಲ್ಲಿ ಒಂದು ರೂಪಾಯಿ.
ಷರಾ: ಎಡಗೈ ಕಿರುಬೆರಳ ತುದಿ ಇಲ್ಲ.
ಆ ತುದಿಗಾಗಿ ಎಂಬತ್ತೊಂಬತ್ತರಲ್ಲಿ ಆಡಿಟ್ ಆಕ್ಷೇಪಣೆ ಬಂದು
ಅಟೆಂಡರ್ ಚೋಮುಣಿಯ ಸಂಬಳದಲ್ಲಿ
ಹನ್ನೆರಡು ರೂಪಾಯಿ ಮುರಿದುಕೊಂಡಿದ್ದರು.
ನಿವೃತ್ತಿಯ ದಿನವೂ ಆತ ಬೆಂಚಿನಡಿ ಬಗ್ಗಿ ನೋಡಿದ.

ಸರ್ಕಾರಿ ಸವಾಲು ಒಂದು ರೂಪಾಯಿ, ಅಂದೆ.
ಕುಂಞಾಮು ಹೆಗಲ ಟವೆಲು ತೆಗೆದು ತಲೆಗೆ ಹಾಕಿಕೊಂಡ.
‘ಮೇಡಂ, ಇದು ಸಾಮಾನಲ್ಲ.’
ಪೊನ್ನವ್ವ ತಮ್ಮ ಕೋಳಿಗೂಡಿನ ಕಡೆ ತಿರುಗಿ ನಿಂತರು.
ಒಂದು ಸಲ. ಎರಡು ಸಲ.
ಮೂರನೆಯದು ಬಾಯಿಂದ ಬರಲಿಲ್ಲ.
‘ಸವಾಲುದಾರರಿಲ್ಲ’ ಎಂದು ಸಮಿತಿ ಬರೆದುಕೊಂಡಿತು.

ಈ ಊರಲ್ಲಿ ಹೆಸರು ಹೇಳಿದರೆ ಸಾಲದು.
ಬಸ್ಸಲ್ಲಿ ಪಕ್ಕ ಕೂತವರೂ ಕೇಳುತ್ತಾರೆ, ಯಾವ ಮನೆ?
ಅಂಡ ಎಂದೋ ಇರ ಎಂದೋ ಕೊನೆಯಾಗುವ ಒಂದು ಶಬ್ದ
ಅಜ್ಜಂದಿರನ್ನೆಲ್ಲ ಕರೆತಂದು ಸೀಟಿನಲ್ಲಿ ಕೂರಿಸುತ್ತದೆ.
ಸತ್ತ ಮೇಲೂ ಕೈಮಡದಲ್ಲಿ ಒಂದು ದೀಪ, ಒಂದು ಎಡೆ.
ಇವನಿಗೆ, ಅಥವಾ ಇವಳಿಗೆ
(ಸೊಂಟದ ಎಲುಬು ನೋಡಿ ಪ್ರಾಣಿಶಾಸ್ತ್ರದವರು ಹೆಣ್ಣು ಅನ್ನುತ್ತಿದ್ದರು;
ವಹಿಯಲ್ಲಿ ಆ ಕಾಲಂ ಇಲ್ಲ)
ಇರುವುದು ಪ್ರಾಣಿ/೧೭.
ಹುಡುಗರು ಇಟ್ಟ ಹೆಸರುಗಳು
ಆಯಾ ಬ್ಯಾಚಿನ ಜೊತೆಗೇ ಟಿಸಿ ತೆಗೆದುಕೊಂಡು ಹೋದವು.

ಮಂಗಳೂರಿಗೆ ಬರೆದೆವು, ಜಂಟಿ ನಿರ್ದೇಶಕರಿಗೆ:
ಮಾರಬಹುದೇ, ಸುಡಬಹುದೇ, ಹೂಳಬಹುದೇ.
‘ನಿಯಮಾನುಸಾರ ಕ್ರಮ ಕೈಗೊಳ್ಳಿ.’
ಆಸ್ಪತ್ರೆಗೆ ಬರೆದೆವು.
ಮರಣ ಪ್ರಮಾಣಪತ್ರ ಲಗತ್ತಿಸಿ, ಅಂದರು.

ದಾಸ್ತಾನು ಕೋಣೆ ಈಗ ಯುಪಿಎಸ್ ಬ್ಯಾಟರಿಗಳಿಗೆ.
ಜೂನಿನಲ್ಲಿ ನಾನು ಚಾರ್ಜು ಕೊಟ್ಟೆ
ಸಿಂಧನೂರಿನಿಂದ ಬಂದ ಹೊಸ ಗುಮಾಸ್ತ ಅಮರೇಗೌಡನಿಗೆ.
ಕೀಲಿ ಇಪ್ಪತ್ತೆರಡು, ವಹಿ ಒಂಬತ್ತು,
ಬಾಕಿ ವಸ್ತು ಒಂದು: ಬ್ಯಾಟರಿಗಳ ಹಿಂದೆ, ಮೂಲೆಯ ಕೊಕ್ಕೆಯಲ್ಲಿ,
ಹಳೆಯ ಪರದೆ ಬಟ್ಟೆಯೊಳಗೆ.
ಹುಡುಗ ಚಪ್ಪಲಿ ಹೊರಗೆ ಬಿಟ್ಟು ಬಂದ.
‘ಇವ್ರ ಹೆಸರೇನ್ರೀ?’

ಪುಟ ನಲವತ್ತೊಂದು ತೆರೆದಿಟ್ಟೆ.
ಇಲ್ಲಿ ಸಹಿ ಮಾಡಿ, ಅಂದೆ.
ಎಣಿಸದೆ ಹೆಂಗ ಮಾಡ್ಲಿ, ಅಂದ.

ಎಣಿಸಿದೆವು. ಅವನು ಪಾದದಿಂದ, ನಾನು ತಲೆಯಿಂದ.
ಬೆನ್ನಿನಲ್ಲಿ ಎರಡು ಸಲ ಲೆಕ್ಕ ತಪ್ಪಿತು,
ಮತ್ತೆ ಮೊದಲಿನಿಂದ.
ಕಿವಿಯೊಳಗಿನ ಅಕ್ಕಿಕಾಳಿನಷ್ಟು ಎಲುಬುಗಳು ಕಾಣಲಿಲ್ಲ.
ಇವೆ, ಎಂದು ಬರೆದೆವು.
ಗೋಣಿಕೊಪ್ಪಲಿನ ಐದೂವರೆ ಬಸ್ಸು ತಪ್ಪಿತು.