ನೂರು ಪೌಂಡು ಕಮ್ಮಿ

"ನಿನ್ನ ಹತ್ರ ಎಂಥ ಕರಾರು ಪತ್ರವೇ" ಅಂದಳು ಜೆಸಿಂತಾ.
ನೂರು ಪೌಂಡು ಕಮ್ಮಿ ಮಾಡಿ
ಬೀಗದಕೈ ಅಂಗೈಗೆ ಒತ್ತಿದಳು.
ಹಲ್ ಪಟ್ಟಣದ ಇಟ್ಟಿಗೆ ಸಾಲಿನಲ್ಲಿ
ಹದಿನೇಳನೇ ಬಾಗಿಲು.

ಆ ನೂರು ಪೌಂಡು ತಿಂಗಳು ತಿಂಗಳೂ
ನನ್ನ ಜೊತೆ ಮನೆಯಲ್ಲೇ ಉಳಿಯಿತು,
ಬಾಡಿಗೆ ಕೊಡದ ಇನ್ನೊಬ್ಬಳ ಹಾಗೆ.

ಬಾಯ್ಲರ್ ಕೆಟ್ಟಾಗ ಅವಳೇ ಹೇಳಿದ್ದು: ಸುಮ್ಮನಿರು.
ಹನ್ನೊಂದು ದಿನ ಕೆಟಲಿನಲ್ಲಿ ನೀರು ಕಾಯಿಸಿ
ಚೊಂಬು ಚೊಂಬಾಗಿ ಮಿಂದು
ನೈಟ್ ಶಿಫ್ಟಿಗೆ ಹೋದೆ.
ಬೇರೆಯವರ ಮನೆಯಾಗಿದ್ದರೆ
ಮೊದಲ ದಿನವೇ ಫೋನಿನಲ್ಲಿ ಜಗಳ.

ಜೆಸಿಂತಾಳೂ ಬದಲಾದಳು.
ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ಟ್ರಂಕಿನಿಂದ
ಕೇಳದೆಯೇ ಚಕ್ಕುಲಿ ಮುಗಿಸುತ್ತಿದ್ದವಳು
ತನ್ನದೇ ಮನೆಗೆ ಬೆಲ್ ಒತ್ತಿ ಬರತೊಡಗಿದಳು.
ಕೈಯಲ್ಲಿ ಕಾಫಿ,
ಕಣ್ಣು ಮಾತ್ರ ಗೋಡೆಗೆ ನಾನು ಹೊಡೆದ ಮೊಳೆಯ ಮೇಲೆ.
"ಕ್ಯಾಲೆಂಡರ್ ಚೆನ್ನಾಗಿದೆ" ಅಂದಳು.

ಕೊನೆಗೆ ಸೇತುವೆಯಾಚೆ
ಗುರುತಿಲ್ಲದವನೊಬ್ಬನ ಮನೆ ಹಿಡಿದೆ.
ಚಿಕ್ಕದು. ದುಬಾರಿ.
ಮೊಳೆಗೆ ಇಂತಿಷ್ಟು ದಂಡವೆಂದು ಕಾಗದದಲ್ಲೇ ಇದೆ.
ಹೇಳಿದಾಗ ಜೆಸಿಂತಾ
ನಿಟ್ಟುಸಿರಿಟ್ಟಳೋ, ನಿರಾಳವಾಗಿ ಉಸಿರು ಬಿಟ್ಟಳೋ,
ತಿಳಿಯಲಿಲ್ಲ.

ಸಾಮಾನು ಕಟ್ಟುವ ದಿನ
ರಟ್ಟಿನ ಪೆಟ್ಟಿಗೆ, ಟೇಪು ಹೊತ್ತು ಬಂದಳು.
ಬೆಲ್ ಒತ್ತಲಿಲ್ಲ.
ಸೀದಾ ಫ್ರಿಜ್ ತೆಗೆದು ನಿನ್ನೆಯ ಚಿತ್ರಾನ್ನವನ್ನು
ನಿಂತಲ್ಲೇ, ಡಬ್ಬಿಯಿಂದಲೇ.
"ಉಪ್ಪು ಕಮ್ಮಿ ಕಣೇ."

ನಾನು ಇಕ್ಕಳ ಹಿಡಿದು ಮೊಳೆ ಕೀಳುತ್ತಿದ್ದೆ.
ಬಾಯ್ಲರಿನ ಹನ್ನೊಂದು ದಿನದ ಕತೆ ಆಗ ಹೇಳಿದೆ.
ಬಾಯಲ್ಲಿ ಅನ್ನ ಇಟ್ಟುಕೊಂಡೇ
ಬಾಯ್ತುಂಬ ಬೈದಳು.