ಸಹಿ ಎರಡು ಕಡೆ

ಮುಂಬೈಯಲ್ಲಿ ಕೊಟ್ಟ ಲಕೋಟೆಯ ಅಂಚಿಗೆಲ್ಲ ಅಂಟುಪಟ್ಟಿ.
ಒಡೆಯಕೂಡದು, ಅಲ್ಲಿಯ ಅಧಿಕಾರಿಯೇ ಒಡೆಯಬೇಕು.
ಹೇಳುವುದು ಯಾರಿಗೆ!
ಕಕ್ಕಬ್ಬೆಯಿಂದ ಮೇಲೆ, ಈ ಒಂದು ಕೋಣೆಯ ಅಂಚೆ ಕಚೇರಿಯಲ್ಲಿ
ಹತ್ತೊಂಬತ್ತು ವರ್ಷ ಯಾರ ಗೋಂದನ್ನೂ ಉಗುರಲ್ಲಿ ಕೆದಕದವಳಿಗೆ.
ಒಳಗಿರುವುದು ನನ್ನದೇ ಎದೆಯ ಎಕ್ಸ್-ರೇ,
ನಾನು ಬೆಳ್ಯಪ್ಪನ ಹೆಂಡತಿಯೇ ಹೌದೆಂಬುದಕ್ಕೆ
ಮದುವೆಯ ಫೋಟೋ, ಒಂದರಲ್ಲಿ ನನ್ನ ಕಣ್ಣು ಮುಚ್ಚಿದೆ.

ಇವರು ಇಪ್ಪತ್ತೆರಡು ವರ್ಷ ಒಹಾಯೋದ ಆಸ್ಪತ್ರೆಯಲ್ಲಿ
ಬಾಯ್ಲರ್ ಕಾದು, ಆ ದೇಶದ ಪ್ರಜೆಯಾಗಿ,
ಎರಡೂ ಮಂಡಿ ಸವೆಸಿಕೊಂಡು ಬಂದವರು.
ಈಗ ಜೇನುಪೆಟ್ಟಿಗೆ, ಕೈಯಲ್ಲೊಂದು ಕೋಲು.
"ಮುಂದೊಂದು ದಿನ ಮಂಡಿ ಬದಲಿಸಲು ಅಲ್ಲಿಗೇ ಹೋಗಬೇಕು ಚೋಂದಮ್ಮ,
ನೀನು ಪಕ್ಕದಲ್ಲಿರಬೇಡವಾ?"
ಅಷ್ಟಕ್ಕೆ ಹಾಕಿದ ಅರ್ಜಿ.
ಮಂಡಿಗಿಂತ ಮೊದಲು ವೀಸಾ ಬಂತು.

ಬಂದದ್ದು ಹಾಲಿನ ಹಾಗೆ, ತಾರೀಖು ಹೊತ್ತು:
ಆರು ತಿಂಗಳೊಳಗೆ ಅಲ್ಲಿ ಕಾಲಿಡಬೇಕು.
ಇಟ್ಟು ಬಂದರೆ, ವರ್ಷ ತುಂಬುವ ಮೊದಲು ಮತ್ತೆ ಇಡಬೇಕು.
ಇಲ್ಲವಾದರೆ, ಬಿಟ್ಟುಬಿಟ್ಟಳು ಎಂದು ಬರೆದುಕೊಳ್ಳುತ್ತಾರಂತೆ,
ಯಾರನ್ನು, ಏನನ್ನು ಎಂದು ಕೇಳದೆ.

ಹದಿನಾಲ್ಕು ದಿನ ರಜೆ. ಬದಲಿಗೆ ಬೊಳ್ಳವ್ವನ ಮಗಳು.
ಅವಳಿಗೆ ತೋರಿಸಿಕೊಟ್ಟೆ:
ತಕ್ಕಡಿ ಇಪ್ಪತ್ತು ಗ್ರಾಂ ಸುಳ್ಳು ಹೇಳುತ್ತದೆ,
ಮುದ್ರೆಯ ತಾರೀಖು ಬೆಳಿಗ್ಗೆಯೇ ತಿರುಗಿಸಬೇಕು,
ಅಕ್ಕಮ್ಮಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಸಿಗುವುದಿಲ್ಲ,
ಬೆಚ್ಚಗೆ ಉಜ್ಜಿ, ಮೂರನೆಯ ಸಲಕ್ಕೆ.

ಶಿಕಾಗೋದಲ್ಲಿ ಇವರದು ಬೇರೆ ಸಾಲು, ಬೇಗ ಸರಿಯಿತು.
ಗಾಜಿನಾಚೆ ಎರಡು ನೀರಿನ ಬಾಟಲಿ ಹಿಡಿದು ನಿಂತರು,
ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.
ಅಧಿಕಾರಿ ನನ್ನ ಲಕೋಟೆ ಹರಿದ. ಕತ್ತರಿಯಿಲ್ಲದೆ, ಬೆರಳಲ್ಲಿ.
ಕೇಳಿದ: "ಎಲ್ಲಿ ವಾಸ ಮಾಡುತ್ತೀರಿ?"

ನನಗೆ ನಲವತ್ತೊಂದರಲ್ಲಿ ಮದುವೆ.
ಸಂಬಂಧ ಅಡ್ಕುವಾಗ ನಮ್ಮ ಅರುವ
ಹನ್ನೆರಡು ಕಲ್ಲಿನಲ್ಲಿ ಹನ್ನೊಂದನ್ನು ಆ ಕಡೆಯವರಿಗೆ ಎಣಿಸಿಕೊಟ್ಟು
ಒಂದನ್ನು ಉಳಿಸಿಕೊಂಡ,
ಹುಡುಗಿಗೆ ಹುಟ್ಟಿದ ಮನೆಯಲ್ಲಿ ಇನ್ನೂ ಜಾಗ ಇದೆಯೆಂಬ ಲೆಕ್ಕಕ್ಕೆ.
ಆಗ ನನಗೆ ನಗು ಬಂದಿತ್ತು.
ತವರು ಎದುರು ಗುಡ್ಡ, ಕೂಗಿದರೆ ಓಗೊಡುತ್ತದೆ.

ಇವರ ಅಕ್ಕನ ಮನೆಯ ವಿಳಾಸ ಹೇಳಿದೆ.
ಅಲ್ಲಿಯ ಪಿನ್ ಕೋಡಿಗೆ ಐದೇ ಅಂಕಿ.
ನಮ್ಮದಕ್ಕೆ ಆರು.
ಒಂದು ನನ್ನ ಬಾಯಲ್ಲೇ ಉಳಿಯಿತು.

ಅವನು ಒತ್ತಿದ ಮುದ್ರೆ ವಾರೆ, ಶಾಯಿ ತೆಳು.
ನಾನಾಗಿದ್ದರೆ ಇನ್ನೊಮ್ಮೆ ಒತ್ತುತ್ತಿದ್ದೆ.

ಹನ್ನೊಂದು ದಿನ ಅಕ್ಕನ ಮನೆಯಲ್ಲಿ ಉಂಡೆವು, ಮಲಗಿದೆವು.
ಒಂದು ಮಧ್ಯಾಹ್ನ ನಾನೊಬ್ಬಳೇ ನಡೆದು ಹೋಗಿ
ಅಲ್ಲಿಯ ಅಂಚೆ ಕಚೇರಿಯ ಸಾಲಿನಲ್ಲಿ ನಿಂತೆ.
ಕೊಳ್ಳುವುದೇನೂ ಇರಲಿಲ್ಲ.
ಕೌಂಟರಿನ ಹೆಂಗಸು ತಲೆಯೆತ್ತದೆ ಚೀಟಿ ಹಚ್ಚುವುದನ್ನು ನೋಡಿ,
ನನ್ನ ಸರದಿ ಬಂದಾಗ, ಹೊರಗೆ ಬಂದೆ.

ಎರಡು ತಿಂಗಳಾದ ಮೇಲೆ ಇವತ್ತು,
ನಾಪೋಕ್ಲಿನಿಂದ ಬಂದ ಚೀಲ ಕೊಡವಿದರೆ
ಅಕ್ಕ ಕಳಿಸಿದ ರಿಜಿಸ್ಟರ್ಡ್ ಬಿದ್ದಿತು, ನನ್ನ ಹೆಸರಿಗೆ.
ಬಟವಾಡೆ ಮಾಡಿದವರು: ಚೋಂದಮ್ಮ.
ಪಡೆದವರು: ಚೋಂದಮ್ಮ.
ಎರಡು ಕಡೆ ಸಹಿ. ಎರಡನೆಯದು ಯಾಕೋ ಬೇರೆಯವಳದರ ಹಾಗೆ ಬಿತ್ತು.

ಒಳಗೆ ಒಂದು ಕಾರ್ಡು, ಕಿವಿ ಕಾಣುವ ನನ್ನ ಮುಖ,
ಈ ತಾರೀಖಿನಿಂದ ನಿವಾಸಿ, ಎಂಬ ಸಾಲು.
ಆ ತಾರೀಖಿನಿಂದ ಇಲ್ಲಿ
ಎಷ್ಟು ಮನಿಆರ್ಡರು, ಎಷ್ಟು ಪಿಂಚಣಿ,
ಜೇನು ಎರಡು ಸಲ ತೆಗೆದೆವು.

ಮೇಜಿನ ಖಾನೆಯಲ್ಲಿ ಇನ್ನೊಂದು ಮುದ್ರೆಯಿದೆ,
'ವಿಳಾಸದಾರರು ಊರು ಬಿಟ್ಟಿದ್ದಾರೆ.'
ಕಾರ್ಡನ್ನು ಅದರ ಪಕ್ಕದಲ್ಲೇ ಇಟ್ಟು ಬೀಗ ತಿರುಗಿಸುವಾಗ
ಹೊರಗೆ ಅಕ್ಕಮ್ಮಜ್ಜಿ ಕೆಮ್ಮಿದರು:
"ಇದ್ದೀಯಾ?"
"ಇದ್ದೇನೆ. ಹೆಬ್ಬೆಟ್ಟು ಉಜ್ಜಿಕೊಳ್ಳಿ."