ಹಿಡಿದು ಬಿಟ್ಟದ್ದು

ಬುರೇಲಾ ಬಂದರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ.
ಮೀನು ಹರಾಜಿನ ಕಟ್ಟೆಯ ಮೇಲಿನ ಕೋಣೆಯಲ್ಲಿ
ಸಬೇಲಾ, ಮೈಮೇಲೆ ಯಾರದೋ ರೇನ್‌ಕೋಟು.
ಎಲ್ಲ ಸರಿಯಿದೆ ಎನ್ನುತ್ತದೆ ಸರ್ವರು.
ಕೆಳಗೆ ಮಾತ್ರ ಹನ್ನೊಂದು ಪೆಟ್ಟಿಗೆ ಮೆರ್ಲೂಸಾ ಮೀನಿಗೆ
ಒಡೆಯನಿಲ್ಲ, ಬೆಲೆಯಿಲ್ಲ, ಚೀಟಿಯಿಲ್ಲ;
ಐಸು ಕರಗಿ ಚರಂಡಿಯ ದಾರಿ ಹುಡುಕುತ್ತಿದೆ.

ಪ್ರಾಮಿಸ್ ಅನ್ನುತ್ತಾರೆ ಜಾವಾಸ್ಕ್ರಿಪ್ಟಿನವರು:
ಆಮೇಲೆ ಕೊಡುತ್ತೇನೆ, ಈಗ ನೀನು ನಡೆ, ಎಂಬ ಮಾತು.
ಕೊಟ್ಟರೆ ಸರಿ. ಕೊಡಲಾಗದಿದ್ದರೆ
ಆಗಲಿಲ್ಲ ಎಂದು ಹೇಳಿಯೇ ಹೇಳುತ್ತದೆ, ಪಾಪ, ಒಂದೇ ಸಲ.
ಕೇಳಲು ಅಲ್ಲೊಂದು ಕಿವಿ ಇರಬೇಕು, ಅಷ್ಟೇ.
ಕರೆದವನು ಆಗಲೇ ಮುಂದಿನ ಸಾಲು ದಾಟಿ
ಮನೆ ಸೇರಿರುತ್ತಾನೆ.

ಹುಡುಕುತ್ತ ಹೋದಳು. ಕಡತದ ತಳದಲ್ಲಿ
ಮೂರು ವರ್ಷದ ಹಿಂದೆ ಬ್ರಾಯ್ಸ್ ಬರೆದಿಟ್ಟ ನಾಲ್ಕು ಸಾಲು:
ಯಾರೂ ಹಿಡಿಯದ ತಪ್ಪೆಲ್ಲ ಇಲ್ಲಿಗೇ ಬರಲಿ
ಎಂದೊಂದು ಬಲೆ. ಬಲೆಯೊಳಗೆ ಏನೂ ಇಲ್ಲ,
ಒಂದು ಟಿಪ್ಪಣಿ, "ಆಮೇಲೆ ನೋಡೋಣ."
ಬಂದದ್ದನ್ನೆಲ್ಲ ಹಿಡಿದಿದೆ ಅದು,
ಹಿಡಿದು ಮತ್ತೆ ನೀರಿಗೇ ಬಿಟ್ಟಿದೆ.
ಬ್ರಾಯ್ಸ್ ಈಗ ವೀಗೋದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನಂತೆ.

ಅಳಿಸಿದಳು. ತಪ್ಪಿನ ಹೆಸರು, ಹುಟ್ಟಿದ ಜಾಗ, ಬಂದ ದಾರಿ
ಎಲ್ಲ ಬರೆದಿಟ್ಟು ಆಮೇಲೆ ಸಾಯಿ, ಎಂದಳು ಸರ್ವರಿಗೆ.
ಸತ್ತಿತು. ಐದು ನಿಮಿಷದಲ್ಲಿ ಎರಡು ಸಲ.
ಎರಡೂ ಸಲ ಕಾವಲಿನ ಪ್ರೋಗ್ರಾಮು ಎಬ್ಬಿಸಿ ನಿಲ್ಲಿಸಿತು.
ಕೆಳಗೆ ಬೈಗುಳ. ಪರದೆಯಲ್ಲಿ ಮೊದಲ ಬಾರಿಗೆ ಕೆಂಪು:
ಚೀಟಿ ಮುದ್ರಿಸುವ ಯಂತ್ರ ಉತ್ತರಿಸಲಿಲ್ಲ,
ಸಾಲು ಇನ್ನೂರ ಹದಿನಾಲ್ಕು.

ಬೈಯಲೆಂದೇ ಮೆಟ್ಟಿಲೇರಿ ಬಂದವನು ಮುದುಕ ಎಲಾದಿಯೊ,
ಬೂಟಿನ ತುಂಬ ಮೀನಿನ ಹುರುಪೆ. ಕೆಂಪು ನೋಡಿ ಕುಳಿತ.
"ನಾನು ಹರಾಜು ಕೂಗುತ್ತಿದ್ದಾಗ
ಬೆಲೆ ಸರಿಯಾಗಿ ಕಿವಿಗೆ ಬೀಳದಿದ್ದರೆ
ಗಂಟೆ ಹೊಡೆದು ನಿಲ್ಲಿಸಿಬಿಡುತ್ತಿದ್ದೆ.
ಎಲ್ಲರೂ ಬೈಯುವವರೇ.
ಬೈಸಿಕೊಂಡರೆ ಮೈ ನಾರುವುದಿಲ್ಲ, ಮಗಳೇ."

ಆ ಸಾಲಿನಲ್ಲಿ ಇಲ್ಲದ್ದು ಒಂದೇ ಪದ: ಕಾಯು.
ಅವಳಿಗೆ ತಿಳಿಯದು, ನನ್ನ ನುಡಿಯಲ್ಲಿ
ದಾರಿ ನೋಡುವುದೂ ಕಾಯುವುದೇ,
ಕಾವಲಿರುವುದೂ ಕಾಯುವುದೇ.
ತಿಳಿಯದೆಯೇ ಎರಡನ್ನೂ ಮಾಡಿದಳು:
ಪದ ಸೇರಿಸಿದಳು, ಅದರ ಕೆಳಗೊಂದು ಕೈ ಒಡ್ಡಿದಳು,
ಬಿದ್ದರೆ ಹಿಡಿದು
ಕೆಳಗಿನ ಕಟ್ಟೆಗೆ ಕೇಳುವಂತೆ ಗಂಟೆ ಬಾರಿಸಲು.

ಚೀಟಿ ಹನ್ನೊಂದೂ ಬಂದವು. ಒಂಬತ್ತು ಪೆಟ್ಟಿಗೆ ಹೋದವು.
ಉಳಿದೆರಡರ ವಾಸನೆ
ಆಗಲೇ ಮೆಟ್ಟಿಲು ಹತ್ತಿತ್ತು.